ಹಳ್ಳಿಯಲ್ಲಿ ಪರವೂರವರ ಅಂಗಡಿ: ಪರವಾನಗಿ ಯಾರ ಹೆಸರಿನಲ್ಲಿದೆ?

ಉಸಗಾಂವದ ಲೆಕ್ಕಬರಹಗಾರ

ಎಲ್ಲರಿಗೂ ನಮಸ್ಕಾರ. ಗೋವಾದ ಫೋಂಡಾ, ಡಿಚೋಲಿ ಮತ್ತು ಸತ್ತರಿ ತಾಲ್ಲೂಕುಗಳ ಹಳ್ಳಿಗಳಲ್ಲಿ ಕಿರಾಣಿ ಅಂಗಡಿ, ಚಹಾದಂಗಡಿ, ಬೇಕರಿ, ಪಂಕ್ಚರ್ ಅಂಗಡಿ ಇಟ್ಟುಕೊಂಡವರ ಲೆಕ್ಕಪತ್ರ ಬರೆದುಕೊಡುವುದು ನನ್ನ ಕಸುಬು. ನನ್ನ ಬಳಿ ಬರುವವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಬೈಲಹೊಂಗಲ, ಸವದತ್ತಿ, ಬಾದಾಮಿ, ಹುನಗುಂದ, ಇಂಡಿ ಕಡೆಯ ನಮ್ಮವರೇ. ಗೋವಾದ ಕನ್ನಡಿಗರೆಂದರೆ ವಾಸ್ಕೊ ಮತ್ತು ಝುವಾರಿನಗರದ ಕೂಲಿಗಾರರು ಎಂದೇ ಹೊರಗಿನವರು ತಿಳಿದಿರುತ್ತಾರೆ. 2011ರ ಜನಗಣತಿಯಲ್ಲಿ ಈ ರಾಜ್ಯದ 14.58 ಲಕ್ಷ ಜನರ ಪೈಕಿ ನೂರಕ್ಕೆ ನಾಲ್ಕೂವರೆಯಷ್ಟು ಮಂದಿ ತಮ್ಮ ಮಾತೃಭಾಷೆ ಕನ್ನಡವೆಂದು ಬರೆಸಿದ್ದರು. ಅವರಲ್ಲಿ ಬಹಳಷ್ಟು ಮಂದಿ ಪಟ್ಟಣಗಳ ಅಂಚಿನಲ್ಲಿದ್ದಾರೆಂಬುದು ನಿಜವೇ ಆದರೂ, ಒಂದು ಹಳ್ಳಿಗೆ ಒಂದೇ ಮನೆಯಾಗಿ, ಅಂಗಡಿಯ ಹಿಂದಿನ ಕೋಣೆಯಲ್ಲೇ ಸಂಸಾರ ಹೂಡಿ, ಆ ಊರಿನವರನ್ನೇ ಗಿರಾಕಿಗಳನ್ನಾಗಿ ಮಾಡಿಕೊಂಡು ಬದುಕುವವರ ಮಾತು ಎಲ್ಲಿಯೂ ಬರುವುದಿಲ್ಲ. ನಾನು ಕೇಳಬೇಕೆಂದಿರುವುದು ಅವರ ಕುರಿತು.

ಡಿಚೋಲಿಯ ಕಡೆಯ ಒಂದು ಹಳ್ಳಿಯಲ್ಲಿ ಸವದತ್ತಿ ತಾಲ್ಲೂಕಿನವರೊಬ್ಬರು ಹತ್ತೊಂಬತ್ತು ವರ್ಷಗಳಿಂದ ಬೇಕರಿ ನಡೆಸುತ್ತಿದ್ದಾರೆ. ಗೋವಾದಲ್ಲಿ ಪಾವ್ ಸುಡುವವನನ್ನು ಪೊದೇರ್ ಎನ್ನುತ್ತಾರೆ. ಹಿಂದೆ ಇದು ಬಹುಪಾಲು ಕ್ರೈಸ್ತ ಮನೆತನಗಳ ಕಸುಬು; ಈಗ ಮಕ್ಕಳು ಬೇರೆ ದಾರಿ ಹಿಡಿದ ಮೇಲೆ ಎಷ್ಟೋ ಮನೆಗಳವರು ಭಟ್ಟಿಯನ್ನು ಪರವೂರಿನವರಿಗೆ ಬಾಡಿಗೆಗೆ ಕೊಟ್ಟಿದ್ದಾರೆ. ಇವರು ರಾತ್ರಿ ಹಿಟ್ಟು ನಾದಲು ಕೂತರೆ, ನಸುಕಿನಲ್ಲಿ ಸೈಕಲ್ಲಿನ ಬಿದಿರು ಬುಟ್ಟಿಗೆ ಉಂಡೊ, ಪೊಯಿ, ಕಾತ್ರೆ ಎಂಬ ಬಗೆಬಗೆಯ ಪಾವ್ ತುಂಬಿ ನೀಲಿ ಪ್ಲಾಸ್ಟಿಕ್ ಹೊದಿಸಿ, ರಬ್ಬರ್ ಹಾರ್ನ್ ಒತ್ತುತ್ತ ಹೊರಡುತ್ತಾರೆ. ಸಂಜೆಯ ಚಹಾದ ಹೊತ್ತಿಗೆ ಮತ್ತೊಂದು ಸುತ್ತು. ಪೊಯಿಗೆ ಎಷ್ಟು ಗೋಧಿಯ ತೌಡು ಉದುರಿಸಬೇಕು, ಯಾವ ಮನೆಯ ಅಜ್ಜಿಗೆ ಬಳೆಯಾಕಾರದ ಕಾಂಕಣ ಕರಕಲಾಗಿ ಬೇಕು ಎಂಬುದು ಅವರಿಗೆ ಬಾಯಿಪಾಠ.

ಕಳೆದ ತಿಂಗಳು ಹಿಟ್ಟು ನಾದುವ ಯಂತ್ರ ಕೊಳ್ಳಲು ಮುದ್ರಾ ಸಾಲ ಕೇಳಿಕೊಂಡು ಒಂದು ಬ್ಯಾಂಕಿಗೆ ಹೋದೆವು. ವ್ಯವಸ್ಥಾಪಕರು ಕಾಗದ ಕೇಳಿದರು. ಪಂಚಾಯತಿಯ ವ್ಯಾಪಾರ ಪರವಾನಗಿ ಮನೆಯ ಒಡತಿಯ ಹೆಸರಿನಲ್ಲಿದೆ, ಆಹಾರ ಸುರಕ್ಷತೆಯ ನೋಂದಣಿಯೂ ಅವರದೇ, ವಿದ್ಯುತ್ ಮೀಟರು ಅವರ ದಿವಂಗತ ಪತಿಯದು. ಹತ್ತೊಂಬತ್ತು ವರ್ಷ ಆ ಭಟ್ಟಿಯ ಮುಂದೆ ಬೆಂದವರ ಕೈಯಲ್ಲಿ ಅದು ತಮ್ಮದೆಂದು ತೋರಿಸಲು ಒಂದು ಚೀಟಿಯೂ ಇಲ್ಲ. ಹೊರಗೆ ಬಂದ ಮೇಲೆ ಅವರು, “ಸಾಹೇಬ್ರ, ಹಂಗಾರ ನಾ ಇಷ್ಟು ದಿನ ಯಾರ ಅಂಗಡ್ಯಾಗ ಕುಂತಿದ್ದೆ?” ಎಂದು ಕೇಳಿದರು. ನನ್ನ ಬಳಿ ಉತ್ತರವಿರಲಿಲ್ಲ. ಬೇರೆ ಕಡೆಗಳಲ್ಲಿ ನಮ್ಮವರು ಇದನ್ನು ಹೇಗೆ ನಿಭಾಯಿಸಿದ್ದಾರೆಂದು ತಿಳಿದವರು ದಯವಿಟ್ಟು ಬರೆಯಬೇಕು.

ಮಾಟುಂಗಾದ ಹಿರಿಯ

ತಮ್ಮ ಬರಹ ಓದಿ ನನ್ನ ತಂದೆಯವರ ಕಾಲ ನೆನಪಿಗೆ ಬಂತು. ಅವರು ಕುಂದಾಪುರದ ಕಡೆಯಿಂದ ಮುಂಬಯಿಗೆ ಬಂದು ಹೊಟೇಲಿನಲ್ಲಿ ಕಪ್ಪು ಬಸಿ ತೊಳೆದವರು, ಅದೇ ಹೊಟೇಲಿನ ಮಾಳಿಗೆಯಲ್ಲಿ ಮಲಗಿ ಕನ್ನಡ ರಾತ್ರಿ ಶಾಲೆಯಲ್ಲಿ ಓದಿದವರು. ರಾಮ ನಾಯಕರು 1942ರಲ್ಲಿ ಮಾಟುಂಗಾ ಸ್ಟೇಷನ್ನಿನ ಬಳಿ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ತೆರೆದಾಗ ಅಲ್ಲಿ ಉಣ್ಣಲು ಬಂದವರಲ್ಲಿ ಊರು ಬಿಟ್ಟು ಬಂದ ದಕ್ಷಿಣದವರೇ ತುಂಬಿದ್ದರು. ನಮಗೆ ಗಿರಾಕಿಯೂ ನಮ್ಮವನೇ, ಕೆಲಸದ ಹುಡುಗನೂ ನಮ್ಮವನೇ, ಸಾಲ ಕೊಡುವವನೂ ನಮ್ಮವನೇ ಆಗಿದ್ದನು. ಮೊಗವೀರ ವ್ಯವಸ್ಥಾಪಕ ಮಂಡಳಿ 1902ರಷ್ಟು ಹಿಂದೆಯೇ ಹುಟ್ಟಿತು. ಬಂಟರ ಸಂಘ 1927ರದು. ಬಿಲ್ಲವ ಸಮಾಜದವರು 1978ರಲ್ಲಿ ಭಾರತ್ ಕೋ-ಆಪರೇಟಿವ್ ಬ್ಯಾಂಕನ್ನೇ ಕಟ್ಟಿಕೊಂಡರು. ಕಾಗದವಿಲ್ಲದ ಹುಡುಗನಿಗೆ ಜಾಮೀನು ನಿಲ್ಲಲು ಯಾರಾದರೊಬ್ಬರು ಸಿಗುತ್ತಿದ್ದರು.

ಆದುದರಿಂದ ನನ್ನ ಸಲಹೆ ನೇರವಾದುದು. ಆ ಮೂರು ತಾಲ್ಲೂಕುಗಳ ಅಂಗಡಿಕಾರರು ಸೇರಿ ಒಂದು ಪತ್ತಿನ ಸಹಕಾರಿ ಸಂಘವನ್ನು ಸ್ಥಾಪಿಸಿಕೊಳ್ಳಲಿ. ಒಬ್ಬೊಬ್ಬರಾಗಿ ಬ್ಯಾಂಕಿನ ಮೆಟ್ಟಿಲು ಹತ್ತುವುದು ಏತಕ್ಕೆ?

ಸಾಸವಡದ ಬೇಕರಿಯವನು

ಹಿರಿಯರ ಮಾತಿಗೆ ಗೌರವವಿಟ್ಟೇ ಹೇಳುತ್ತೇನೆ, ಹಳ್ಳಿಯ ವ್ಯಾಪಾರಕ್ಕೆ ಮುಂಬಯಿಯ ಲೆಕ್ಕ ಹೊಂದುವುದಿಲ್ಲ. ನಾನು ಹಾಸನ ಜಿಲ್ಲೆಯವನು. ಪುಣೆಯಿಂದ ಸಾಸವಡದ ಆಚೆ, ಪುರಂದರ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಹನ್ನೆರಡು ವರ್ಷಗಳಿಂದ ಅಯ್ಯಂಗಾರ್ ಬೇಕರಿ ನಡೆಸುತ್ತಿದ್ದೇನೆ. (ನಾನು ಅಯ್ಯಂಗಾರನಲ್ಲ. ಮಹಾರಾಷ್ಟ್ರದ ತಾಲ್ಲೂಕು ಊರುಗಳಲ್ಲಿ ಆ ಹೆಸರಿನ ಫಲಕ ಹಾಕಿಕೊಂಡಿರುವ ಎಷ್ಟೋ ಮಂದಿ ಅಲ್ಲ. ಈ ಹೆಸರು ಈಗ ಸಸ್ಯಾಹಾರಿ ಬೇಕರಿ ಎಂಬ ಅರ್ಥಕ್ಕೆ ಬಂದುಬಿಟ್ಟಿದೆ.)

ಪಟ್ಟಣದಲ್ಲಿ ಒಂದೇ ಬೀದಿಯಲ್ಲಿ ನಮ್ಮವರ ನಾಲ್ಕು ಹೊಟೇಲು ನಡೆಯಬಹುದು. ಹಳ್ಳಿಯಲ್ಲಿ ಎರಡನೆಯ ಬೇಕರಿ ತೆರೆದರೆ ಎರಡೂ ಮುಚ್ಚುತ್ತವೆ. ಆದ್ದರಿಂದ ನಮ್ಮಲ್ಲಿ ಬರೆಯದ ಕಟ್ಟಳೆಯೊಂದಿದೆ: ನನ್ನ ಬಳಿ ಮೂರು ನಾಲ್ಕು ವರ್ಷ ಕೆಲಸ ಕಲಿತ ಹುಡುಗ ಸ್ವಂತಕ್ಕೆ ಇಳಿಯುವಾಗ ನನ್ನ ಊರಿನಲ್ಲಿ ಇಳಿಯಬಾರದು, ಮುಂದಿನ ಊರಿಗೆ ಹೋಗಬೇಕು. ನಾನು ಅವನಿಗೆ ಹಳೆಯ ಟ್ರೇಗಳನ್ನೂ ಮೊದಲ ತಿಂಗಳ ಮೈದಾವನ್ನೂ ಉದ್ರಿಯಾಗಿ ಕೊಡುತ್ತೇನೆ. ಹೀಗೆ ಒಬ್ಬರಿಂದೊಬ್ಬರು ದೂರ ದೂರಕ್ಕೆ ಹರಡಿದ್ದೇವೆ. ಒಬ್ಬರಿಗೊಬ್ಬರು ಅಡ್ಡ ಬರುವುದಿಲ್ಲ ಎಂಬುದು ಇದರ ಲಾಭ. ಊರಿನಲ್ಲಿ ಏನಾದರೂ ಹೆಚ್ಚು ಕಡಿಮೆಯಾದರೆ ಹತ್ತಿರದ ಕನ್ನಡಿಗ ಇಪ್ಪತ್ತು ಕಿಲೋಮೀಟರ್ ದೂರದಲ್ಲಿರುತ್ತಾನೆ ಎಂಬುದು ನಷ್ಟ. ಸಂಘ ಕಟ್ಟುವುದಾದರೂ ಸಭೆಗೆ ಅಂಗಡಿ ಮುಚ್ಚಿ ಬರುವವರಾರು?

ಹೀಗಾಗಿ ನಾವು ಊರನ್ನೇ ನೆಚ್ಚಿಕೊಳ್ಳಬೇಕಾಗುತ್ತದೆ. ಪಂಢರಪುರದ ವಿಠೋಬನ ಬಳಿಗೆ ಹೊರಟ ಜ್ಞಾನೇಶ್ವರರ ಪಾಲಖಿ (ಪಲ್ಲಕ್ಕಿ) ಸಾಸವಡದಲ್ಲಿ ತಂಗುವ ದಿನಗಳಲ್ಲಿ ನಾನು ಮಾರಾಟ ನಿಲ್ಲಿಸಿ ವಾರಕರಿ ಯಾತ್ರಿಕರಿಗೆ ಖಾರಿ ಮತ್ತು ಚಹಾ ಹಂಚುತ್ತೇನೆ. ಮೊದಲ ವರ್ಷ ಅದನ್ನು ವ್ಯಾಪಾರಕ್ಕೆಂದೇ ಮಾಡಿದೆ ಎಂದು ಒಪ್ಪಿಕೊಳ್ಳುತ್ತೇನೆ, ಈಗ ಹಾಗಲ್ಲ. ಊರಿನವರು ನನ್ನನ್ನು ‘ಅಣ್ಣಾ’ ಎಂದೇ ಕರೆಯುತ್ತಾರೆ, ಪರವೂರಿನವನೆಂದು ಯಾರಾದರೂ ಹಂಗಿಸಿದರೆ “ನಿಮ್ಮ ವಿಠೋಬನೂ ಕರ್ನಾಟಕದವನೇ” ಎಂದು ನಾನು ನಗುತ್ತೇನೆ.

ಕಾಗದದ ವಿಷಯಕ್ಕೆ ಬಂದರೆ, ಮಹಾರಾಷ್ಟ್ರದಲ್ಲಿ ನನಗೆ ಒಂದು ಅನುಕೂಲವಿದೆ. ಇಲ್ಲಿನ 1999ರ ಬಾಡಿಗೆ ನಿಯಂತ್ರಣ ಕಾಯ್ದೆಯ 55ನೆಯ ಕಲಮಿನ ಪ್ರಕಾರ ಲೀವ್ ಅಂಡ್ ಲೈಸೆನ್ಸ್ ಕರಾರನ್ನು (ಜಾಗ ಬಳಸಲು ಮಾಲೀಕ ಅನುಮತಿಯಷ್ಟೇ ಕೊಡುವ ಕರಾರು), ಅವಧಿ ಎಷ್ಟೇ ಇರಲಿ, ನೋಂದಣಿ ಮಾಡಿಸಲೇಬೇಕು, ಅದರ ಹೊಣೆ ಮಾಲೀಕನದು. ನೋಂದಣಿಯಾದ ಆ ಕರಾರೇ ನನ್ನ ಮೊದಲ ಗುರುತು. ಅದನ್ನು ಹಿಡಿದು ಉಳಿದ ಕಾಗದಗಳನ್ನು ನನ್ನ ಹೆಸರಿಗೆ ಮಾಡಿಸಿಕೊಂಡೆ. ನಿಮ್ಮ ಪೊದೇರರ ಬಳಿ ಕರಾರು ಇದೆಯೇ?

ಉಸಗಾಂವದ ಲೆಕ್ಕಬರಹಗಾರ

ಮೊದಲ ವರ್ಷದ 11 ತಿಂಗಳ ಕರಾರೊಂದಿದೆ. ಒಂದು ವರ್ಷ ಮೀರಿದ ಗೇಣಿಗೆ ನೋಂದಣಿ ಕಡ್ಡಾಯವಾಗಿರುವುದರಿಂದ ಎಲ್ಲರೂ ಬರೆಸುವ ಅದೇ ಹನ್ನೊಂದು ತಿಂಗಳು. ಆಮೇಲೆ ಹದಿನೆಂಟು ವರ್ಷ ಬಾಯಿಮಾತಿನಲ್ಲೇ ಸಾಗಿದೆ.

ಸಾಖಳಿಯ ಗಾಂವಕಾರ

ನಾನು ಕನ್ನಡಿಗನಲ್ಲ. ತಾಯಿಯ ತವರು ಕಾರವಾರವಾದ್ದರಿಂದ ಹೈಸ್ಕೂಲು ಅಲ್ಲಿ ಕನ್ನಡದಲ್ಲಿ ಓದಿದೆ, ತಪ್ಪುಗಳಿದ್ದರೆ ಕ್ಷಮಿಸಬೇಕು. ಇಲ್ಲಿ ಊರಿನ ಕಡೆಯಿಂದ ಮಾತನಾಡುವವರು ಯಾರೂ ಕಾಣದಿರುವುದರಿಂದ ಬರೆಯುತ್ತಿದ್ದೇನೆ.

ಘಟ್ಟದ ಮೇಲಿನವರನ್ನು ನಮ್ಮವರು ‘ಘಾಂಟಿ’ ಎನ್ನುತ್ತಾರೆ. ಆ ಮಾತಿನಲ್ಲಿ ತಿರಸ್ಕಾರವಿದೆ, ಇಲ್ಲವೆಂದು ನಾನು ವಾದಿಸುವುದಿಲ್ಲ. ಆದರೆ ಊರಿನವರ ಅಂಜಿಕೆಗೆ ಕಾರಣ ಬೇರೆಯೇ ಇದೆ, ಅದು ನೆಲ. ಪೋರ್ಚುಗೀಸರಿಗಿಂತ ಹಿಂದಿನಿಂದ ಬಂದ ಗಾಂವಕಾರಿ ಪದ್ಧತಿಯಲ್ಲಿ ಊರಿನ ಜಮೀನು ಇಡೀ ಊರಿನ ಮೂಲ ಮನೆತನಗಳದು. ಅದನ್ನೇ ಈಗ ಕೋಮುನಿದಾದ್ ಜಮೀನು ಎನ್ನುವುದು. ಇಂತಹ ಜಮೀನುಗಳ ಮೇಲೆ ರಾತ್ರೋರಾತ್ರಿ ತಗಡಿನ ಗಾಡೆಗಳು (ಗೂಡಂಗಡಿಗಳು) ಎದ್ದವು, ಕೆಲವು ವರ್ಷಗಳಲ್ಲಿ ಅವಕ್ಕೆ ಮನೆ ನಂಬರು ಬಂತು, ಮತದಾರರ ಪಟ್ಟಿಯಲ್ಲಿ ಹೆಸರು ಬಂತು. ಅದನ್ನು ಮಾಡಿಸಿಕೊಟ್ಟವರು ನಮ್ಮ ಊರಿನ ಪಂಚರೇ ಹೊರತು ಪರವೂರಿನವರಲ್ಲ, ಒಪ್ಪುತ್ತೇನೆ. ಆದರೂ ಒಮ್ಮೆ ಕೈ ಸುಟ್ಟುಕೊಂಡವರು ಪರವಾನಗಿಯನ್ನು ತಮ್ಮ ಹೆಸರಿನಲ್ಲೇ ಇಟ್ಟುಕೊಳ್ಳುವುದು ದುರಾಸೆಯಿಂದಲ್ಲ. ಆ ಮುದುಕಿಗೆ ಭಟ್ಟಿ ಬಿಟ್ಟರೆ ಬೇರೆ ಆದಾಯವಿದೆಯೇ ಎಂದು ಯಾರಾದರೂ ಕೇಳಿದಿರಾ? ಪರವಾನಗಿ ಹೋದರೆ ನಾಳೆ ಮನೆಯೂ ಹೋದೀತೆಂದು ಅವರಿಗೆ ಹೆದರಿಕೆ.

ಇನ್ನೊಂದು ಮಾತು. ಕಬ್ಬಿಣದ ಅದಿರಿನ ಗಣಿ ನಿಂತ ವರ್ಷಗಳಲ್ಲಿ ನಮ್ಮ ತಾಲ್ಲೂಕಿನಲ್ಲಿ ಪರವೂರಿನ ಕಿರಾಣಿಯವರು ಉದ್ರಿಯ ಬದಲಿಗೆ ಗೇರುಬೀಜ ತೂಗಿಸಿಕೊಳ್ಳುತ್ತಿದ್ದರು. ತೋಟಗಾರರ ಸಹಕಾರಿಯಾದ ಬಾಗಾಯತದಾರ ಸಂಸ್ಥೆ ಕೊಡುವ ದರಕ್ಕಿಂತ ಕಿಲೋಗೆ ಹತ್ತು ಹದಿನೈದು ರೂಪಾಯಿ ಕಡಿಮೆ ಹಿಡಿದು ಲೆಕ್ಕ ಹಾಕಿದ್ದನ್ನು ನನ್ನ ಮನೆಯ ಅಂಗಳದಲ್ಲೇ ಕಂಡಿದ್ದೇನೆ. ಉದ್ಯಮಶೀಲತೆಯೆಂದು ನೀವೆಲ್ಲ ಹೊಗಳುವಾಗ ಆ ತಕ್ಕಡಿಯನ್ನೂ ನೆನೆಯಿರಿ.

ಜೊತೆಗೆ, ನಮ್ಮೂರ ಪೊದೇರನೂ ಕರ್ನಾಟಕದವನೇ. ಅವನ ಉಂಡೊ ವರ್ಷದಿಂದ ವರ್ಷಕ್ಕೆ ಚಿಕ್ಕದಾಗುತ್ತಿದೆ.

ಉಸಗಾಂವದ ಲೆಕ್ಕಬರಹಗಾರ

ಗಾಂವಕಾರರೇ, ತಾವು ಬರೆದದ್ದು ಒಳ್ಳೆಯದಾಯಿತು. ಆ ತಕ್ಕಡಿಯನ್ನು ನಾನೂ ಕಂಡಿದ್ದೇನೆ, ಅದರ ಲೆಕ್ಕ ಬರೆದವನೂ ನಾನೇ. ಆದುದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಉಸಗಾಂವ, ತಿಸ್ಕ, ಪಾಳಿ, ವೆಳಗೆ, ಸಾವರ್ಡೆ, ಕುಡಚಡೆಯ ರಸ್ತೆಗಳಲ್ಲಿ 2010ರ ಸುಮಾರಿಗೆ ಅದಿರಿನ ಟ್ರಕ್ಕುಗಳ ಸಾಲು ಮುಗಿಯುತ್ತಲೇ ಇರಲಿಲ್ಲ. ಚೀನಾ ಕೊಳ್ಳುತ್ತಿದ್ದ ಕಾಲ. ಗೋವಾದ ಬಂದರುಗಳಿಂದ ವರ್ಷಕ್ಕೆ 5 ಕೋಟಿ ಟನ್ನಿನ ಆಸುಪಾಸು ಅದಿರು ಹೊರಹೋಗುತ್ತಿತ್ತು. ಟ್ರಕ್ಕಿನ ಮಾಲೀಕ ಊರಿನವನು, ಚಾಲಕ ಬಹುಪಾಲು ಘಟ್ಟದ ಮೇಲಿನವನು. ಅವರಿಬ್ಬರಿಗೂ ಚಹಾ, ಟೈರು, ಗ್ರೀಸು, ಅಕ್ಕಿ, ಬೀಡಿ ಒದಗಿಸುತ್ತ ನಮ್ಮವರ ಅಂಗಡಿಗಳು ಎದ್ದವು. 2012ರ ಸೆಪ್ಟೆಂಬರಿನಲ್ಲಿ ರಾಜ್ಯ ಸರ್ಕಾರ ಗಣಿಗಳನ್ನು ನಿಲ್ಲಿಸಿತು, ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟಿನ ತಡೆ ಬಂತು. 2014ರಲ್ಲಿ ವರ್ಷಕ್ಕೆ 2 ಕೋಟಿ ಟನ್ನಿನ ಮಿತಿಯೊಡನೆ ಮತ್ತೆ ಅನುಮತಿ ಸಿಕ್ಕಿತಾದರೂ, 2018ರ ಫೆಬ್ರವರಿಯ ತೀರ್ಪು 88 ಗುತ್ತಿಗೆಗಳ ನವೀಕರಣವನ್ನು ರದ್ದು ಮಾಡಿ, ಮಾರ್ಚ್ 16ರಿಂದ ಗಣಿಗಳು ಮತ್ತೊಮ್ಮೆ ನಿಂತವು.

ಮೊದಲು ನಿಂತಾಗ ಚಾಲಕರು ಒಂದೇ ವಾರದಲ್ಲಿ ಊರಿಗೆ ಮರಳಿದರು. ಅವರ ಬಾಕಿ ಮುಳುಗಿತು. ಉಳಿದದ್ದು ಊರಿನವರ ಬಾಕಿ. ಬೈಲಹೊಂಗಲದ ಕಡೆಯ ಕಿರಾಣಿಯವರೊಬ್ಬರ ಉದ್ರಿ ವಹಿ ನನ್ನ ಮುಂದಿತ್ತು. ಕೆಂಪು ಬಟ್ಟೆಯ ರಟ್ಟಿನ ಆ ಉದ್ದನೆಯ ವಹಿಯಲ್ಲಿ ಪ್ರತಿ ಮನೆಗೆ ಎರಡು ಪುಟ, ಹೆಸರುಗಳು ಕನ್ನಡದಲ್ಲಿ: ‘ಮಾವಿನಮರದ ಬಾಯಿ’ (ಇಲ್ಲಿ ಬಾಯಿಯೆಂದರೆ ಹೆಂಗಸು), ‘ಎರಡು ಟ್ರಕ್ಕಿನವ’, ‘ಚರ್ಚಿನ ಹಿಂದಿನ ಮೇಸ್ತ’. ಅಂಗಡಿಯವರಿಗೆ ಎಷ್ಟೋ ಗಿರಾಕಿಗಳ ನಿಜವಾದ ಹೆಸರು ಗೊತ್ತಿರಲಿಲ್ಲ. ಟ್ರಕ್ಕಿನ ಕಂತು ಕಟ್ಟಲಾಗದವರು ಅಕ್ಕಿಯ ಬಾಕಿ ಕಟ್ಟುವರೇ? ಇತ್ತ ಇವರಿಗೆ ಸರಕು ಕೊಡುವ ಬೆಳಗಾವಿಯ ಸಗಟು ವ್ಯಾಪಾರಿ ಹದಿನೈದು ದಿನಕ್ಕಿಂತ ಹೆಚ್ಚು ಕಾಯುವವನಲ್ಲ. ಆಗ ಮಾರ್ಚ್ ತಿಂಗಳು, ಗೇರು ಬಿದ್ದ ಕಾಲ. ‘ಎರಡು ಟ್ರಕ್ಕಿನವ’ರೇ ಒಂದು ಚೀಲ ಬೀಜ ತಂದಿಟ್ಟು, ಇದನ್ನು ಹಿಡಿದುಕೋ ಎಂದರು. ಪದ್ಧತಿ ಶುರುವಾದದ್ದು ಹಾಗೆ.

ದರ ಕಡಿಮೆ ಹಿಡಿದದ್ದು ನಿಜ. ಸಂಸ್ಥೆಗೆ ಒಯ್ಯುವ ಟೆಂಪೋ ಬಾಡಿಗೆ, ಒಣಗಿ ತೂಕ ಇಳಿಯುವುದು, ಆರು ತಿಂಗಳಿನ ಬಡ್ಡಿಯಿಲ್ಲದ ಬಾಕಿ, ಇವನ್ನೆಲ್ಲ ಕೂಡಿಸಿದರೆ ಕಿಲೋಗೆ ಏಳೆಂಟು ರೂಪಾಯಿಯ ವ್ಯತ್ಯಾಸಕ್ಕೆ ನ್ಯಾಯವಿದೆ. ಅದಕ್ಕಿಂತ ಮೇಲಿನದು ಲಾಭ, ಅದನ್ನು ನಾನು ಸಮರ್ಥಿಸುವುದಿಲ್ಲ. ಆದರೆ ಲೆಕ್ಕಬರಹಗಾರನಾಗಿ ಒಂದನ್ನು ಗಮನಿಸಿದ್ದೇನೆ. ಪರವಾನಗಿ ಸ್ವಂತ ಹೆಸರಿನಲ್ಲಿದ್ದ ಇಬ್ಬರು ಅಂಗಡಿಕಾರರು ಆ ಬೇಸಿಗೆಯಲ್ಲಿ ಬ್ಯಾಂಕಿನ ಓವರ್‌ಡ್ರಾಫ್ಟ್ ಹಿಡಿದು ಉಳಿದುಕೊಂಡರು, ಬೀಜಕ್ಕೆ ಕೈ ಹಾಕಲಿಲ್ಲ. ಹೆಸರಿಲ್ಲದವರು ಪಿಗ್ಮಿ ಏಜೆಂಟನ ಬಳಿಯೋ ಭಿಶಿಯೆಂಬ ಚೀಟಿ ವ್ಯವಹಾರದಲ್ಲೋ ತಿಂಗಳಿಗೆ ನೂರಕ್ಕೆ ಮೂರರಂತೆ ಹಣವೆತ್ತಿದರು, ಆ ಬಡ್ಡಿ ಗಿರಾಕಿಯ ಗೇರುಬೀಜದ ಮೇಲೆ ಬಂದು ಕೂತಿತು. ಪರವೂರವನಿಗೆ ಕಾಗದ ಸಿಗದಂತೆ ನೋಡಿಕೊಂಡು ಊರು ತನ್ನನ್ನು ಕಾಪಾಡಿಕೊಂಡೆನೆಂದು ತಿಳಿಯಿತು. ಅದರ ಬೆಲೆಯನ್ನು ಆ ವರ್ಷ ಕಿಲೋ ಲೆಕ್ಕದಲ್ಲಿ ತೆತ್ತದ್ದೂ ಊರೇ.

ಮಾಟುಂಗಾದ ಹಿರಿಯ

ಪಿಗ್ಮಿಯ ಮಾತು ಬಂದುದರಿಂದ ಚಿಕ್ಕ ಸೇರ್ಪಡೆ. ದಿನಕ್ಕೆ ಎರಡಾಣೆ ಸಂಗ್ರಹಿಸುವ ಆ ಪದ್ಧತಿಯನ್ನು 1928ರಲ್ಲಿ ಉಡುಪಿಯಲ್ಲಿ ಆರಂಭಿಸಿದ್ದು ಮುಂದೆ ಸಿಂಡಿಕೇಟ್ ಬ್ಯಾಂಕ್ ಆದ ಸಂಸ್ಥೆ. ಸಣ್ಣವನ ಉಳಿತಾಯಕ್ಕೆಂದು ಹುಟ್ಟಿದ್ದು ಈಗ ಕೆಲವರ ಕೈಯಲ್ಲಿ ಬಡ್ಡಿಯ ದಂಧೆಯಾಗಿದೆ ಎಂದು ಕೇಳಿ ಬೇಸರವಾಯಿತು. ಸಂಘದ ಬಗ್ಗೆ ನನ್ನ ಸಲಹೆಯನ್ನು ಸಾಸವಡದವರು ಅಷ್ಟು ಬೇಗ ತಳ್ಳಿಹಾಕಬೇಕಾಗಿರಲಿಲ್ಲ, ಆದರೂ ಅವರ ಇಪ್ಪತ್ತು ಕಿಲೋಮೀಟರ್ ಲೆಕ್ಕ ನನಗೆ ಹೊಳೆದಿರಲಿಲ್ಲ.

ಕುಡಚಡೆಯ ರೊಟ್ಟಿ ಅಕ್ಕ

ನೀವೆಲ್ಲ ಅಂಗಡಿ ಇದ್ದವರ ಮಾತನ್ನೇ ಆಡುತ್ತಿದ್ದೀರಿ. ಅಂಗಡಿಯೇ ಇಲ್ಲದ ನನ್ನಂಥವರ ಮಾತನ್ನೂ ಕೇಳಿರಿ. ನಾನು ಇಂಡಿ ತಾಲ್ಲೂಕಿನವಳು. ಗಂಡ ಗಣಿ ಟ್ರಕ್ಕಿನ ಚಾಲಕರಾಗಿದ್ದರು. ಗಣಿ ನಿಂತಾಗ ಅವರು ಊರಿಗೆ ಹೋಗೋಣವೆಂದರು, ಮಕ್ಕಳ ಶಾಲೆಯ ವರ್ಷ ಕೆಡುತ್ತದೆಂದು ನಾನು ಒಪ್ಪಲಿಲ್ಲ. ಬಾಡಿಗೆ ಕೋಣೆಯ ಹಿತ್ತಲಲ್ಲಿ ಒಲೆ ಹೂಡಿ ಜೋಳದ ರೊಟ್ಟಿ ಬಡಿಯಲು ಶುರು ಮಾಡಿದೆ. ಮೊದಮೊದಲು ಕೊಂಡವರು ನಮ್ಮ ಕಡೆಯ ಗೌಂಡಿಗಳು ಮಾತ್ರ. ಆಮೇಲೆ ಇಲ್ಲಿಯ ದಾಕ್ತರರೊಬ್ಬರು ಸಕ್ಕರೆ ಕಾಯಿಲೆಯವರಿಗೆ ಜೋಳ ತಿನ್ನಿ ಎಂದು ಹೇಳತೊಡಗಿದ್ದರಿಂದ ಊರಿನ ಬಾಯಿಯವರು ಕೇಳಿಕೊಂಡು ಬಂದರು. ಮೆತ್ತನೆಯ ರೊಟ್ಟಿ ಅವರಿಗೆ ಸೇರಲಿಲ್ಲ, ಕಡಕ್ ರೊಟ್ಟಿ ಸೇರಿತು. ಶೇಂಗಾ ಚಟ್ನಿಗೆ ಬೆಳ್ಳುಳ್ಳಿ ಕಡಿಮೆ ಮಾಡಿದೆ.

ಪಕ್ಕದ ಹಳ್ಳಿಯ ವಾರದ ಸಂತೆಯಲ್ಲಿ ಗೋಣಿತಟ್ಟು ಹಾಸಿ ಕೂತರೆ ಸೊಪೊ ಕೊಡಬೇಕು. ಅದು ಸಂತೆಯ ಸುಂಕ. ವಸೂಲಿಯನ್ನು ಗುತ್ತಿಗೆಗೆ ಕೊಟ್ಟಿರುತ್ತಾರೆ. ಫಲಕದ ಮೇಲೆ ಒಂದು ದರ, ನಮ್ಮ ಕೈಯಿಂದ ಎತ್ತುವುದು ಇನ್ನೊಂದು ದರ, ಪಾವತಿ ಚೀಟಿ ಕೇಳಿದರೆ ಮುಂದಿನ ವಾರ ಜಾಗವಿಲ್ಲ. ನಾನು ಎರಡು ವಾರ ಜಾಗ ಕಳೆದುಕೊಂಡು ಮೂರನೆಯ ವಾರದಿಂದ ಪಾವತಿ ಪಡೆಯತೊಡಗಿದೆ, ಯಾಕೆಂದರೆ ಪಕ್ಕದಲ್ಲಿ ಮೀನು ಮಾರುವ ಬಾಯಿ ನನ್ನ ಪರವಾಗಿ ಅವರ ಭಾಷೆಯಲ್ಲಿ ಬೈದಳು. ಆ ಹರಿದ ಪಾವತಿಗಳನ್ನು ಇವತ್ತಿಗೂ ಡಬ್ಬಿಯಲ್ಲಿ ಇಟ್ಟಿದ್ದೇನೆ. ಅಣ್ಣಾ ಲೆಕ್ಕದವರೇ, ಅವು ಕಾಗದವೆನಿಸುತ್ತವೆಯೇ?

ವಾಸ್ಕೊದ ನಿವೃತ್ತ ಮೇಷ್ಟ್ರು

ರೊಟ್ಟಿ ಅಕ್ಕನವರು ಮಕ್ಕಳ ಶಾಲೆಯ ಮಾತೆತ್ತಿದ್ದರಿಂದ ಬರೆಯುತ್ತಿದ್ದೇನೆ. ನಾನು ಕಲಿಸಿದ್ದು ಕನ್ನಡ ಶಾಲೆಯಲ್ಲಿ, ಆದರೆ ಹಳ್ಳಿಗಳಲ್ಲಿ ಒಂಟಿಯಾಗಿರುವ ಕುಟುಂಬಗಳ ಮಕ್ಕಳು ಕೊಂಕಣಿ ಅಥವಾ ಮರಾಠಿ ಸರ್ಕಾರಿ ಪ್ರಾಥಮಿಕ ಶಾಲೆಗೆ ಹೋಗುತ್ತಾರೆ. ನಾನು ನೋಡಿದ ಕೆಲವು ಶಾಲೆಗಳು ಈ ಮಕ್ಕಳಿಂದಲೇ ಉಳಿದಿವೆ. ಪಂಚಾಯತಿಯ ನೋಟಿಸನ್ನು ತಂದೆಗೆ ಓದಿ ಹೇಳುವವರು ಈ ನಾಲ್ಕನೆಯ ತರಗತಿಯವರೇ. ಒಬ್ಬ ಹುಡುಗ ದಂಡದ ನೋಟಿಸನ್ನು ತಂದೆ ಹೆದರಬಾರದೆಂದು ಬೇರೆಯೇ ಆಗಿ ಓದಿಬಿಟ್ಟು, ಅಂಗಡಿಗೆ ಬೀಗ ಬಿದ್ದ ಮೇಲೆ ನಿಜ ಹೇಳಿದ್ದನ್ನು ನಾನು ಮರೆತಿಲ್ಲ.

ಪುಣೆಯ ವಕೀಲ

ಕಾನೂನಿನ ಮಾತನ್ನು ಸಂಕ್ಷೇಪವಾಗಿ ಹೇಳುತ್ತೇನೆ. ದೇಶದ ಯಾವ ಮೂಲೆಯಲ್ಲಾದರೂ ನೆಲೆಸಲು ಮತ್ತು ವ್ಯಾಪಾರ ಮಾಡಲು ಸಂವಿಧಾನದ 19ನೆಯ ವಿಧಿ ಹಕ್ಕು ಕೊಡುತ್ತದೆ. ಆದರೆ ಹಕ್ಕಿಗೂ ನೆರವಿಗೂ ನಡುವೆ ಕಂದಕವಿದೆ. 1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆ ಗುತ್ತಿಗೆದಾರನ ಮೂಲಕ ಬಂದ ಕೂಲಿಗಾರರನ್ನು ಮಾತ್ರ ಕಂಡಿತು. ಸ್ವಂತ ಗಂಟು ಕಟ್ಟಿಕೊಂಡು ಬಂದು ಅಂಗಡಿ ಇಟ್ಟವನು ಅದರ ಕಣ್ಣಿಗೆ ಬೀಳಲಿಲ್ಲ. 2014ರ ಬೀದಿ ವ್ಯಾಪಾರಿಗಳ ಕಾಯ್ದೆಯಲ್ಲಿ ಸ್ಥಳೀಯ ಸಂಸ್ಥೆಯೆಂದರೆ ಪಾಲಿಕೆ, ಪುರಸಭೆ, ನಗರ ಪಂಚಾಯತಿಗಳಂಥವು. ಗ್ರಾಮ ಪಂಚಾಯತಿಯ ಸಂತೆ ಅದರೊಳಗೆ ಬರುವುದಿಲ್ಲ. 2020ರಲ್ಲಿ ಬಂದ ಸ್ವನಿಧಿ ಸಾಲವೂ ನಗರದ ಬೀದಿ ವ್ಯಾಪಾರಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ್ದು. ಅದೇ ರೊಟ್ಟಿಯನ್ನು ಊರ ಗಡಿ ದಾಟಿ ಪುರಸಭೆಯ ರಸ್ತೆಯಲ್ಲಿ ಮಾರಿದರೆ ಆ ಅಕ್ಕನಿಗೆ ಕಾನೂನಿನ ಆಸರೆಯಿದೆ, ಹಳ್ಳಿಯ ಸಂತೆಯಲ್ಲಿ ಮಾರಿದರೆ ಇಲ್ಲ.

ಪೊದೇರರ ವಿಷಯದಲ್ಲಿ ದಾವೆಯ ದಾರಿ ಹಿಡಿಯಬೇಡಿ. ಬಾಡಿಗೆ ಹಕ್ಕಿನ ವಾದ ಹೂಡಿದ ದಿನವೇ ಗಾಂವಕಾರರು ಹೇಳಿದ ಹೆದರಿಕೆ ನಿಜವಾಗುತ್ತದೆ, ಆಮೇಲೆ ಆ ಊರಿನಲ್ಲಿ ಯಾರೂ ಪರವೂರಿನವರಿಗೆ ಭಟ್ಟಿ ಕೊಡುವುದಿಲ್ಲ. ಕಟ್ಟಡದ ಒಡೆತನವನ್ನೂ ಉದ್ಯಮದ ಒಡೆತನವನ್ನೂ ಎರಡು ಕಾಗದಗಳಲ್ಲಿ ಬೇರೆ ಬೇರೆ ಮಾಡಿರಿ. ಮನೆ ಆಕೆಯದು, ಅದರ ಮೇಲೆ ಯಾವ ಹಕ್ಕೂ ಇಲ್ಲವೆಂದು ಇವರು ಬರೆದುಕೊಡಲಿ. ಬೇಕರಿಯ ವ್ಯವಹಾರ ಇವರದು, ಅದಕ್ಕೆ ತನ್ನ ಅಡ್ಡಿಯಿಲ್ಲವೆಂದು ಆಕೆ ಬರೆದುಕೊಡಲಿ.

ಉಸಗಾಂವದ ಲೆಕ್ಕಬರಹಗಾರ

ವಕೀಲರ ಸಲಹೆ ಉಪಯೋಗಕ್ಕೆ ಬಂದಿದೆ. ಅಕ್ಕಾ, ಮೊದಲು ತಮಗೆ ಉತ್ತರ ಹೇಳುತ್ತೇನೆ. ಸೊಪೊ ಪಾವತಿಗಳನ್ನು ಎಸೆಯಬೇಡಿ, ವ್ಯಾಪಾರ ಎಷ್ಟು ವರ್ಷದಿಂದ ನಡೆದಿದೆ ಎಂದು ತೋರಿಸಲು ಅವು ಬೇಕು. ಆಧಾರ್ ಮತ್ತು ಪ್ಯಾನ್ ಇದ್ದರೆ ಉದ್ಯಮ್ ಎಂಬ ಸಣ್ಣ ಉದ್ಯಮಗಳ ಸರ್ಕಾರಿ ನೋಂದಣಿ ಮಾಡಿಸಿಕೊಳ್ಳಬಹುದು; 2020ರ ಜುಲೈಯಿಂದ ಇರುವ ಈ ನೋಂದಣಿಗೆ ಶುಲ್ಕವಿಲ್ಲ, ಮಧ್ಯವರ್ತಿಗೆ ಐನೂರು ಕೊಡುವ ಅಗತ್ಯವಿಲ್ಲ. ರೊಟ್ಟಿ ತಯಾರಿಕೆಯೆನಿಸುವುದರಿಂದ ತಮಗೆ ತೊಡಕಿಲ್ಲ. ಕೇವಲ ಮಾರುವವರಿಗೆ, ಅಂದರೆ ಕಿರಾಣಿಯವರಿಗೆ, ಈ ಬಾಗಿಲು 2021ರ ಜುಲೈಯಲ್ಲಿ ಬ್ಯಾಂಕ್ ಸಾಲದ ಮಟ್ಟಿಗೆ ತೆರೆಯಿತು.

ಪೊದೇರರನ್ನು ಕರೆದುಕೊಂಡು ಮೊನ್ನೆ ಒಡತಿಯ ಮನೆಗೆ ಹೋಗಿದ್ದೆ. ಎಂಬತ್ತು ದಾಟಿದ ಹಿರಿಯರು. ಎರಡು ಗಂಟೆ ಕೂರಿಸಿಕೊಂಡು, ಪತಿ ಭಟ್ಟಿ ಕಟ್ಟಿಸಿದ ವರ್ಷ, ಯೀಸ್ಟ್ ಪುಡಿ ಬರುವ ಮುಂಚೆ ತೆಂಗಿನ ಸೂರ್ (ಕಳ್ಳು) ಬೆರೆಸಿ ಹಿಟ್ಟು ಹುದುಗಿಸುತ್ತಿದ್ದ ಬಗೆ, ಎಲ್ಲವನ್ನೂ ಹೇಳಿದರು. ಪರವಾನಗಿಯ ಮಾತು ತೆಗೆದಾಗ ಎದ್ದು ಒಳಗೆ ಹೋದರು. ಮಾತು ಮುಗಿಯಿತೆಂದು ನಾವು ಚಪ್ಪಲಿ ಮೆಟ್ಟುತ್ತಿರುವಾಗ ಮನೆ ತೆರಿಗೆಯ ರಸೀದಿಗಳ ಕಟ್ಟನ್ನು ಹಿಡಿದು ಹೊರಗೆ ಬಂದರು. ಅವರ ಷರತ್ತುಗಳು ಮೂರು: ಆಕ್ಷೇಪಣೆಯಿಲ್ಲವೆಂಬ ಪತ್ರ ಒಂದೇ ವರ್ಷದ್ದಾಗಿದ್ದು ಪ್ರತಿ ವರ್ಷ ಬಂದು ಕೇಳಬೇಕು, ವಿದ್ಯುತ್ ಮೀಟರು ಪತಿಯ ಹೆಸರಿನಲ್ಲೇ ಉಳಿಯಬೇಕು, ಬೇಕರಿಗೆ ಹೊಸ ಫಲಕ ಹಾಕಬಾರದು. ಪೊದೇರರು ಮೂರಕ್ಕೂ ಒಪ್ಪಿದರು. ಫಲಕ 1970ರ ದಶಕದ್ದು, ಅಕ್ಷರಗಳು ಅರ್ಧ ಅಳಿಸಿವೆ. ಅದನ್ನು ಓದಿಕೊಂಡು ಪಾವ್ ಕೊಳ್ಳಲು ಬರುವವರು ಯಾರೂ ಇಲ್ಲ.

ಇನ್ನು ಪಂಚಾಯತಿಗೆ ಅರ್ಜಿ ಕೊಡಬೇಕು. ಕಾರ್ಯದರ್ಶಿಯವರು ಬೇಡವೆನ್ನಲಿಲ್ಲ, ಮುಂದಿನ ಸಭೆಯಲ್ಲಿ ಇಡುತ್ತೇನೆಂದಿದ್ದಾರೆ. ಅರ್ಜಿಯನ್ನು ಇಂಗ್ಲಿಷಿನಲ್ಲಿ ಬರೆದಿದ್ದೇನೆ. ಯಾರಾದರೂ ನೋಡಿಕೊಡುವುದಾದರೆ ಉಪಕಾರವಾಗುತ್ತದೆ.

ಸಾಖಳಿಯ ಗಾಂವಕಾರ

ಇಂಗ್ಲಿಷಿನಲ್ಲಿ ಬೇಡ, ಸಭೆಯಲ್ಲಿ ಯಾರೂ ಪೂರ್ತಿ ಓದುವುದಿಲ್ಲ. ಕೊಂಕಣಿಯಲ್ಲಿ, ದೇವನಾಗರಿ ಲಿಪಿಯಲ್ಲಿ ಬರೆಯಿಸಿ ನನಗೆ ಕಳುಹಿಸಿರಿ, ತಿದ್ದಿಕೊಡುತ್ತೇನೆ. ಹತ್ತೊಂಬತ್ತು ವರ್ಷದ ಮಾತನ್ನು ಮೊದಲ ಸಾಲಿನಲ್ಲೇ ಹಾಕಿರಿ. ಎರಡು ಮೂರು ಮನೆಯವರ ಸಹಿಯನ್ನೂ ಕೆಳಗೆ ಪಡೆಯಿರಿ, ಪೊದೇರ್ ಬರದಿದ್ದರೆ ಬೆಳಗಿನ ಚಹಾಕ್ಕೆ ಏನು ಮಾಡುವುದೆಂದು ಕೇಳಿದರೆ ಸಹಿ ಹಾಕದವರಿಲ್ಲ. ಡಿಚೋಲಿಯ ಕಡೆ ಉಂಡೊ ಇನ್ನೂ ಮೊದಲಿನ ಗಾತ್ರದಲ್ಲಿದೆಯೇ ಎಂದೂ ಅವರನ್ನು ಕೇಳಿ ತಿಳಿಸಿರಿ.